ಬಲದ ಬ್ರೇಕು

ಜ್ಯಾಕು ಕೊಟ್ಟು, ಅಚ್ಚಿನ ಕೆಳಗೆ ಬರ್ಚ್ ಮರದ ದಿಮ್ಮಿ ಇಟ್ಟು,
ಮುಂದಿನ ಗಾಲಿಗೆ ಎರಡು ಕಲ್ಲು ಒತ್ತು ಕೊಟ್ಟ ಮೇಲೂ
ಒಮ್ಮೆ ಭುಜದಿಂದ ದೂಡಿ ನೋಡಿದೆ.
ಕೊಟ್ಟಿಗೆಯ ಬಾಗಿಲಾಚೆ ನೆಲ ಜಾರುತ್ತ ಜಾರುತ್ತ
ನೇರ ಫ್ಯೋರ್ಡಿನ ನೀರಿಗೆ ಹೋಗಿ ಮುಗಿಯುತ್ತದೆ.

ಐವತ್ತೊಂಬತ್ತರ ಫರ್ಗ್ಯುಸನ್, ನನಗಿಂತ ಎರಡು ವರ್ಷ ಹಿರಿದು.
ಆಚೆ ದಡದ ಹಲ್ವಾರ್ ತೀರಿಕೊಂಡ ಮೇಲೆ
ಅವನ ಹೆಂಡತಿ ಬೊರ್ಗ್‌ಹಿಲ್ಡ್ ಮಾರಿದಳು. ಚೌಕಾಸಿಯಿಲ್ಲ.
"ಇಳಿಜಾರಲ್ಲಿ ಜೋಪಾನ" ಅಂದಳು, ಅಷ್ಟೆ.
ಸರಪಳಿ ಬಿಗಿದು ಫೆರಿಯಲ್ಲಿ ದಾಟಿಸಿ ತಂದೆ.

ಗಾಲಿ ಕಳಚುವುದರಲ್ಲೇ ಬೆಳಗು ಹೋಯಿತು,
ಭಾರಕ್ಕೆಂದು ಟೈರಿನೊಳಗೆ ಉಪ್ಪುನೀರು ತುಂಬಿದ್ದ ಪುಣ್ಯಾತ್ಮ.
ಡ್ರಮ್ಮಿಗೆ ಎರಡೇ ಸ್ಕ್ರೂ, ಎರಡೂ ಹಲ್ಲು ಕಚ್ಚಿ ಕೂತಿದ್ದವು.
ಎಣ್ಣೆ ಬಿಟ್ಟೆ, ಕಾಯಿಸಿದೆ, ಸುತ್ತಿಗೆ ಮುಟ್ಟಿಸಿದೆ, ಬೈದೆ.
ಬೈದದ್ದಕ್ಕೇ ಬಂತು ಅಂತ ನಕ್ಕಳು ವಿಲ್ಯ,
ದೀಪ ಹಿಡಿಯಲು ಗಂಟೆಗಿಷ್ಟು ಎಂದು
ಮೊದಲೇ ಮಾತಾಡಿಕೊಂಡು ಬಂದ ಪಕ್ಕದ ಮನೆ ಹುಡುಗಿ.

ಎಡದ್ದು ಮೊದಲು.
ಹಳೇ ಕಾಲದ ಧೂಳು, ಎದೆಗೆ ಒಳ್ಳೆಯದಲ್ಲ; ನೀರು ಚಿಮುಕಿಸಿದೆ.
ಶೂ ಮೇಲಿನ ಪಟ್ಟಿ ಪೂರ್ತಿ ಸವೆದು
ರಿವೆಟ್ಟುಗಳು ತಲೆ ಹೊರಹಾಕಿ
ಡ್ರಮ್ಮಿನ ಒಳಮೈ ತುಂಬ
ಗ್ರಾಮಫೋನು ತಟ್ಟೆಯ ಹಾಗೆ ಗೀರಿದ್ದವು.

ಬಲದ್ದೂ ಹೀಗೇ ಇರಬೇಕೆಂದು ಬಿಚ್ಚಿದೆ.
ವಿಲ್ಯ ದೀಪ ಹತ್ತಿರ ತಂದಳು.
ಹೊಸದು.
ಕಾರ್ಖಾನೆಯಲ್ಲಿ ಯಾರೋ ಎಳೆದ ಹಳದಿ ಬಳಪದ ಗೆರೆ
ಅಂಚಿನಲ್ಲಿ ಇನ್ನೂ ಇತ್ತು.
ಎರಡು ಪೆಡಲನ್ನೂ ಒಂದು ಮಾಡುವ ಕೊಂಡಿ
ಬಣ್ಣ ಬಳಿದಲ್ಲೇ ಅಂಟಿಕೊಂಡು ನಿದ್ದೆಹೋಗಿತ್ತು.
ಬಲದ ಬಲ ಕಾಸಿನಷ್ಟೂ ಖರ್ಚಾಗಿರಲಿಲ್ಲ.

ಕೈ ಒರೆಸಿಕೊಂಡು ಫೋನು ಮಾಡಿದೆ.
"ನಿಮ್ಮ ಹೊಲದ ಬಲಕ್ಕೆ ಏನಿತ್ತು?"
ಆ ಕಡೆ ಪಾತ್ರೆಯ ಸದ್ದು ನಿಂತಿತು.
"ಬಲಕ್ಕಾ? ಏನೂ ಇರಲಿಲ್ಲ.
ಹುಲ್ಲು ಮುಗಿದಲ್ಲಿ ಗಾಳಿ. ಗಾಳಿಯ ಕೆಳಗೆ ನೀರು.
ಅವರಪ್ಪನ ಕಾಲದಲ್ಲಿ ಒಂದು ಕುದುರೆ ಹೋಗಿತ್ತಂತೆ, ಗಾಡಿ ಸಮೇತ.
ಇವನು ಆ ಕಡೆ ತಿರುಗಿದ್ದೇ ಇಲ್ಲ.
ಬಲಕ್ಕೆ ಹೋಗಬೇಕಾದರೆ ಎಡಕ್ಕೆ ಮೂರು ಸಲ.
ಎಡದ ಶೂ ನಾಲ್ಕು ಬಾರಿ ಬದಲಾಯಿತು,
ನನ್ನ ಅಡುಗೆಮನೆ ಮೇಜಿನ ಮೇಲೇ ಕುಟ್ಟುತ್ತಿದ್ದ ರಿವೆಟ್ಟು.
ಮಾತೂ ಹಾಗೇ ಕಣೋ, ಸುತ್ತಿ ಬಳಸಿ.
ಮದುವೆಗೆ ಕೇಳಲು ಬಂದವನು
ನಮ್ಮಪ್ಪನ ದೋಣಿ, ಆಲೂಗಡ್ಡೆ, ಹವಾಮಾನ ಎಲ್ಲ ಸುತ್ತಿ
ಕೇಳದೇ ಎದ್ದುಬಿಟ್ಟ.
ಮೆಟ್ಟಿಲಿಳಿಯುವಾಗ ನಾನೇ ಹೂಂ ಅಂದೆ."

ಆಮೇಲೆ, ತುಸು ತಡೆದು:
"ಹಳೆಯವನ್ನು ಏನು ಮಾಡ್ತೀಯ?"
"ಗುಜರಿಗೆ."
"ಒಂದು ನನಗೆ ಕಳಿಸು."
ಯಾವುದೆಂದು ಕೇಳುವುದೇನು ಬಂತು,
ಅವನ ಕಾಲು ತಿಂದುಬಿಟ್ಟ ಎಡದ್ದನ್ನು ಎತ್ತಿಟ್ಟೆ.
"ಬಲದ್ದು," ಅಂದಳು. "ಎಡದ್ದು ನನಗೆ ಗೊತ್ತು."

ಬದಲಿಸಿದರೆ ಎರಡೂ ಬದಲಿಸಬೇಕು,
ಒಂದು ಹೊಸತು ಒಂದು ಹಳತಾದರೆ ಗಾಡಿ ಒಂದೇ ಕಡೆ ಎಳೆಯುತ್ತದೆ.
ಸೋರುತ್ತಿದ್ದ ಸೀಲು ತೆಗೆದು ಬೇರೆಯದು ಕೂರಿಸಿದೆ.
ಸ್ಪ್ರಿಂಗು ಎರಡು ಸಲ ಹಾರಿತು,
ಮೂರನೆಯ ಸಲ ನನ್ನ ಗೆಣ್ಣಿನ ಚರ್ಮ ತಕ್ಕೊಂಡು ಒಪ್ಪಿತು.
ತಟ್ಟೆಯ ಹಿಂದಿನ ತೂತಿನಲ್ಲಿ ಕಬ್ಬಿಣದ ಕಡ್ಡಿ ತೂರಿಸಿ
ಹಲ್ಲುಗಾಲಿ ತಿರುಗಿಸಿದೆ, ಟಿಕ್ ಟಿಕ್, ಡ್ರಮ್ಮು ಬಿಗಿಯುವ ತನಕ,
ಮತ್ತೆ ನಾಲ್ಕು ಹಲ್ಲು ಸಡಿಲ.

ಸಂಜೆ ಅಂಗಳದಲ್ಲಿ ಬಲದ ಪೆಡಲು ಒತ್ತಿದೆ.
ಅರವತ್ತು ಚಿಲ್ಲರೆ ವರ್ಷದ ಯಂತ್ರ
ನಿಂತಲ್ಲೇ ಗಿರಕಿ ಹೊಡೆದು ಬಲಕ್ಕೆ ಮೂತಿ ತಿರುಗಿಸಿತು.
ಅಲ್ಲಿದ್ದದ್ದು ಒಂದು ಪ್ಲಮ್ ಗಿಡ, ವಿಲ್ಯಳ ಸೈಕಲ್ಲು.
ಸೈಕಲ್ಲಿಗೆ ಬೇರೆ ದುಡ್ಡು ಕೊಡಬೇಕಾಯಿತು.

ಮರುದಿನ ಹಳೇ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿ
ಫೆರಿಗೆ ಒಯ್ದೆ. ಕೈಯಲ್ಲಿ ತೂಗಿ ನೋಡಿದ ಟಿಕೆಟಿನವನು:
"ಏನಿದು?"
"ಬ್ರೇಕು."
"ಹಳೇದೋ ಹೊಸದೋ?" ಚೀಟಿ ಬರೆಯಲು ಪೆನ್ನು ತೆಗೆದ.
ನಾನು ಹವಾಮಾನದ ಮಾತು ತೆಗೆದೆ.